ತಲೆಯಿಲ್ಲದ ಬೋಲ್ಟು

...ಇಲ್ಲ, ಮೊದಲು ಅಂಗಡಿಯಲ್ಲಿದ್ದ ಗಂಡಸರು ನಕ್ಕರೋ, ನಾನು ಮೊದಲು ಮಾತಾಡಿದೆನೋ, ಈಗ ಖಾತ್ರಿಯಿಲ್ಲ. ಹೋದ ವರ್ಷ, ಶ್ರಾವಣ ಹಿಡಿಯುವ ಮುನ್ನಾದಿನ ಎಂಬುದು ಮಾತ್ರ ಖಾತ್ರಿ. ಮರುದಿನ ಕಮಲಾಪುರದ ನಮ್ಮಣ್ಣ ತನ್ನ ಟೆಂಪೋದಲ್ಲಿ ಕೆಂಪು ಬಾಳೆಹಣ್ಣು ಹೇರಿಕೊಂಡು ಕಲಬುರಗಿಗೆ ಬರಬೇಕಿತ್ತು. ಸ್ಟಿಯರಿಂಗ್ ಬಾಕ್ಸನ್ನು ಗಾಡಿಗೆ ಬಿಗಿಯುವ ಎರಡು ಬೋಲ್ಟು ಸವೆದಿದ್ದವು. ಕಲಬುರಗಿಯ ಜೇವರ್ಗಿ ಕಾಲೋನಿಯ ಮನೆಯಿಂದ ನಾನು ತವರಿಗೆ ಹೊರಟಿದ್ದೆ. ಅಣ್ಣ ಫೋನ್ ಮಾಡಿದ.

"ತಂಗಿ, ಬರೂಮುಂದ ಎರಡು ಬೋಲ್ಟ್ ತಗೊಂಡು ಬಾ. ಅಳತಿ ಕಳಿಸೀನಿ. ಎಂಟೆಂಟು ಅಂತ ಕೇಳು. ತಲಿ ಮ್ಯಾಲ ಎಂಟು, ಚುಕ್ಕಿ, ಎಂಟು ಅಂತ ಒತ್ತಿರ್ತಾರ. ಗಟ್ಟಿ ಬೋಲ್ಟ್ ಅಂದ್ರ ಅದೇ. ಬೋಳು ತಲಿದು ತರಬ್ಯಾಡ."

ಬೋಲ್ಟು-ನಟ್ಟಿನ ಅಂಗಡಿಯಲ್ಲಿ ಹಾಗೆಯೇ ಕೇಳಿದೆ. "ಎರಡು ಬೋಲ್ಟ್ ಕೊಡ್ರಿ, ಎಂಟೆಂಟು."

"ಎರಡು ಬೇಕೋ ಎಂಟೆಂಟು ಬೇಕೋ, ಮೊದ್ಲ ಮನ್ಯಾಗ ಕೇಳ್ಕೊಂಡು ಬರ್ರಿ ಅಕ್ಕೋರೆ," ಎಂದ ಅಂಗಡಿಯವನು. ನಿಂತಿದ್ದ ಗಂಡಸರೆಲ್ಲ ನಕ್ಕರು.

"ಎಣಿಕಿ ಅಲ್ರೀ, ತಲಿ ಮ್ಯಾಗಿನ ನಂಬರ್."

"ವರ ನೋಡಿದಂಗ ಬೋಲ್ಟಿನ ತಲಿ ನೋಡ್ತೀರಲ್ಲ! ಎಲ್ಲಾ ಒಂದೇ ಮಾಲ್, ಒಯ್ರಿ."

ಅವನು ಪೇಪರಿನಲ್ಲಿ ಸುತ್ತುವ ಮೊದಲು ಒಂದನ್ನು ಕಸಿದು, ಎಣ್ಣೆಜಿಡ್ಡನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದೆ. ಏನು ಕಂಡೆ? ಒಮ್ಮೊಮ್ಮೆ ಎಂಟೆಂಟು ಕಂಡ ನೆನಪು. ಒಮ್ಮೊಮ್ಮೆ ಬರೀ ಕಂಪನಿ ಗುರುತಿನ ಎರಡು ಇಂಗ್ಲಿಷ್ ಅಕ್ಷರ. ಸಿಟ್ಟು ಬಂದಾಗ ಮಾತ್ರ ಬೋಳು ತಲೆಯೇ ಕಾಣುತ್ತದೆ. ಆ ನೆನಪನ್ನು ನಾನು ಎಲ್ಲಕ್ಕಿಂತ ಕಡಿಮೆ ನಂಬುತ್ತೇನೆ.

ಎರಡನ್ನೂ ಕೊಂಡು ಊರಿಗೆ ಒಯ್ದಾಗ ಅಣ್ಣ ಹಣ್ಣು ಹೇರುವ ಗಡಿಬಿಡಿಯಲ್ಲಿದ್ದ. ಗ್ಯಾರೇಜಿನವನೇ ಪೊಟ್ಟಣ ಬಿಚ್ಚಿ ಬೋಲ್ಟು ಬಿಗಿದ. ಮರುದಿನ ಬೆಳಿಗ್ಗೆ ಕಮಲಾಪುರ ದಾಟಿದ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿತು, ಗಾಲಿ ತಿರುಗಲಿಲ್ಲ. ಗಾಡಿ ತಗ್ಗಿಗೆ ಉರುಳಿತು. ಅಣ್ಣನ ಎಡಗಾಲು ಅಡಿಯಲ್ಲಿ ಸಿಕ್ಕಿತು. ಇವತ್ತಿಗೂ ಆ ಕಾಲಿನಿಂದ ಅವನು ಕ್ಲಚ್ ಒತ್ತಲಾರ.

ಎರಡೂ ಬೋಲ್ಟು ಮುರಿದಿದ್ದವು. ತಲೆಗಳು ಎಲ್ಲೋ ಸಿಡಿದಿದ್ದವು. ತೂತಿನಲ್ಲಿ ಉಳಿದ ತುಂಡುಗಳನ್ನು ಒಯ್ದು ಅಂಗಡಿಯವನ ಮುಂದೆ ಇಟ್ಟೆ.

"ಇವುಗಳ ಮ್ಯಾಲ ನನ್ನ ಅಂಗಡಿ ಹೆಸ್ರು ಅದ ಏನ್ರೀ? ತಲಿ ತಗೊಂಡು ಬರ್ರಿ, ಆಮ್ಯಾಲ ಮಾತಾಡೂಣು."

"ನಮ್ಮಣ್ಣನ ಕಾಲು ತರ್ಲೇನು? ಅದರ ಮ್ಯಾಲಿನ ನಂಬರ್ ಓದ್ತಿಯೇನು?" ಎಂದು ಕೂಗಿದೆ. ಅವನು ಪಕ್ಕದ ಗಿರಾಕಿಗೆ, "ನಿಮಗೇನು ಬೇಕ್ರಿ?" ಎಂದ.

ಸಿಟ್ಟು ಅವನೊಬ್ಬನ ಮೇಲಲ್ಲ. ಆಸ್ಪತ್ರೆಗೆ ಅಣ್ಣನನ್ನು ನೋಡಲು ಬಂದವರು ನನ್ನೆದುರೇ, "ಹೆಣ್ಮಕ್ಕಳ ಕೈಲೆ ಬೋಲ್ಟ್ ತರಿಸಿದ್ರ ಇನ್ನೇನ್ ಆಗ್ತದ," ಎಂದರು. ಹೆಂಗಸಿನ ಕೈ ತಗುಲಿದರೆ ಕಬ್ಬಿಣ ಮೆತ್ತಗಾಗುತ್ತದೆಯೇ? ಬಿಗಿದವನ ಕೈಯ ಬಗ್ಗೆ ಯಾರೂ ಕೇಳಲಿಲ್ಲ. ಅಣ್ಣನೇ ಹಾಸಿಗೆಯಿಂದ, "ಆಕಿ ಎಂಟೆಂಟು ಅಂತನ ಕೇಳ್ಯಾಳ, ಸುಮ್ಕಿರ್ರಿ," ಎಂದು ಗದರಿದ. ಅವನು ಹಾಗೆ ನಂಬಿದ್ದು ನನಗೆ ಇನ್ನಷ್ಟು ಉರಿ ಎಬ್ಬಿಸಿತು. ನಂಬಿಕೆ ಬೇಕಿರಲಿಲ್ಲ, ಆ ತಲೆ ಬೇಕಿತ್ತು.

ಆ ತಗ್ಗಿನಲ್ಲಿ ಹುಡುಕಿದೆ. ಕೊಳೆತ ಬಾಳೆಹಣ್ಣು, ಒಡೆದ ಗಾಜು, ಅಣ್ಣನ ಒಂದು ಚಪ್ಪಲಿ ಸಿಕ್ಕವು. ಈಗಲೂ ಬಸ್ಸು ಆ ತಿರುವಿಗೆ ಬಂದಾಗ ಕಿಟಕಿಯಿಂದ ಕೆಳಗೆ ನೋಡುತ್ತೇನೆ. ಆ ತಲೆಗಳ ಮೇಲೆ ಏನು ಒತ್ತಿದ್ದರೋ ನನಗೆ ಗೊತ್ತಿಲ್ಲ.