ಡೆಬಿಯನ್‌ಗೆ ಹಾಕಿದ ಬೀಗ

ಕೋಡಂಬಾಕ್ಕಂನ ಸಸ್ಯಾಹಾರಿ ಹೋಟೆಲೊಂದರಲ್ಲಿ ನಲವತ್ತು ವರ್ಷ ಅಡುಗೆ ಮಾಡಿದ ಐತಪ್ಪನವರು ಸಾಂಬಾರು ಪುಡಿ ಕೂಡಿಸುವಾಗ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದರು. ಧಣಿಗೂ ಒಳಗೆ ಪ್ರವೇಶವಿರಲಿಲ್ಲ. ಹೆಂಡತಿ ರತ್ನಾವತಿಗೂ ಅಳತೆ ಗೊತ್ತಿಲ್ಲ ಎಂದರೆ ಆ ಮನುಷ್ಯನ ಹಟ ಎಂಥದೆಂದು ನೀವೇ ಊಹಿಸಿಕೊಳ್ಳಿ. ಕೆಲಸ ಬಿಟ್ಟ ಮೇಲೂ ತಿಂಗಳಿಗೊಮ್ಮೆ ಮನೆಯಲ್ಲೇ ಪುಡಿ ಮಾಡಿ, ಎಲೆಕ್ಟ್ರಿಕ್ ರೈಲಿನಲ್ಲಿ ತಾಂಬರಂಗೆ ಒಯ್ದು, ಅಲ್ಲಿ ಮೆಸ್ ನಡೆಸುವ ಮಗಳು ನಮಿತಾಳಿಗೆ ಕೊಟ್ಟು ಬರುತ್ತಿದ್ದರು. ಗಂಡನನ್ನು ಕಳೆದುಕೊಂಡ ನಮಿತಾಳ ಸಂಸಾರ ನಿಂತಿದ್ದೇ ಆ ಪುಡಿಯ ಮೇಲೆ.

ಹೋದ ವರ್ಷ ಒಮ್ಮೆ ಅವರು ಮೆಂತೆಯನ್ನು ಎರಡೆರಡು ಸಲ ಹಾಕಿಬಿಟ್ಟರು. ಮೆಸ್ಸಿನ ಸಾಂಬಾರು ಮೂರು ದಿನ ಕಹಿಯಾಯಿತು. ಅದಾದ ವಾರಕ್ಕೆ, ಹೋಟೆಲಿನವರು ಕೊಟ್ಟಿದ್ದ ಹಳೆಯ ಕಂಪ್ಯೂಟರಿನ ಮುಂದೆ ಕುಳಿತು, ಒಂದೇ ಬೆರಳಿನಲ್ಲಿ ಅಳತೆಗಳನ್ನೆಲ್ಲ ಟೈಪು ಮಾಡತೊಡಗಿದರು. ಯಾಕೆಂದು ಅವರು ಹೇಳಲಿಲ್ಲ. ಕೇಳಲು ರತ್ನಾವತಿಗೆ ಭಯವಾಯಿತು.

ಆ ಕಂಪ್ಯೂಟರಿನ ವಿಂಡೋಸಿಗೂ ವಯಸ್ಸಾಗಿತ್ತು. ಮಹಡಿಯ ಬಾಡಿಗೆದಾರ ಶ್ರೀನಾಥ್, ಮೈಸೂರಿನ ಕಡೆಯ ಇಂಜಿನಿಯರ್, ಅದರ ಜಾಗದಲ್ಲಿ ಲಿನಕ್ಸ್ ಹಾಕಿಕೊಡುತ್ತೇನೆಂದು ಪೆನ್‌ಡ್ರೈವ್ ಹಿಡಿದು ಬಂದ.

"ಅಂಕಲ್, ಲಿನಕ್ಸಲ್ಲಿ ಹತ್ತಾರು ಥರ ಇದೆ. ಮೂರು ತಂದಿದೀನಿ. ಹಾಕ್ಕೊಳ್ಳೋಕೆ ಮುಂಚೆ ಪೆನ್‌ಡ್ರೈವಿಂದಾನೇ ಓಡಿಸಿ ನೋಡಬಹುದು. ನನ್ನ ಕೇಳಿದ್ರೆ ಮಿಂಟ್. ನಿಮಗೆ ಅಭ್ಯಾಸ ಇರೋ ಥರಾನೇ ಕಾಣುತ್ತೆ."

ಐತಪ್ಪನವರು ಉಬುಂಟು, ಮಿಂಟ್ ಎರಡನ್ನೂ ಸಾರನ್ನು ಅಂಗೈಗೆ ಹಾಕಿ ರುಚಿ ನೋಡುವ ಗಾಂಭೀರ್ಯದಿಂದ ನೋಡಿದರು. ಮಿಂಟ್ ಹಿಡಿಸಿತು. ಅಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಫೈಲುಗಳು ಕ್ಷೇಮವಾಗಿವೆ ಎಂದು ತೋರಿಸಲು ಶ್ರೀನಾಥ್ ಪರದೆಯಲ್ಲಿ ಹಳೆಯ ಡಿಸ್ಕಿನ ಚಿತ್ರವನ್ನು ಒತ್ತಿದ. ಪಾಸ್‌ವರ್ಡನ್ನೂ ಕೇಳದೆ ಅದು ತೆರೆದುಕೊಂಡಿತು. 'ಸಾಂಬಾರು ಪುಡಿ' ಎಂಬ ಫೈಲು ಎಲ್ಲರ ಕಣ್ಣೆದುರಿಗಿತ್ತು.

ಐತಪ್ಪನವರ ಮುಖ ಕಪ್ಪಿಟ್ಟಿತು. "ನಾನು ಪಾಸ್‌ವರ್ಡ್ ಹಾಕಿದ್ದೆ ಮಾರಾಯ್ರೆ. ಇದು ಹೇಗೆ ಓಪನ್ ಆಯ್ತು?"

"ಅದು ವಿಂಡೋಸಿಗೆ ಮಾತ್ರ ಅಂಕಲ್. ಪೆನ್‌ಡ್ರೈವ್ ಇದ್ರೆ ಯಾರು ಬೇಕಾದ್ರೂ ಹಿಂಗೆ ನೋಡಬಹುದು. ಇಡೀ ಡಿಸ್ಕಿಗೇ ಬೀಗ ಹಾಕಬಹುದು, ಆದ್ರೆ ಆ ಪಾಸ್‌ವರ್ಡ್ ಮರೆತ್ರೆ ದೇವ್ರು ಬಂದ್ರೂ ತೆಗೆಯೋಕಾಗಲ್ಲ. ನಿಮಗೆ ಬೇಡ ಬಿಡಿ."

ಬೇಡ ಎಂದದ್ದೇ ತಪ್ಪಾಯಿತು. ಮೂರನೆಯದು ಡೆಬಿಯನ್. ಹಾಕಿಕೊಳ್ಳುವಾಗಿನ ಪ್ರತಿಯೊಂದು ಪ್ರಶ್ನೆಯನ್ನೂ ಅದು ಕನ್ನಡದಲ್ಲೇ ಕೇಳಿತು. ಡಿಸ್ಕಿಗೆ ಬೀಗ ಹಾಕುವ ಸಾಲು ಬಂದಾಗ ಐತಪ್ಪನವರು ಅದರ ಮೇಲೆ ಬೆರಳಿಟ್ಟರು.

"ಬೀಗಾನೇ ಬೇಕಂದ್ರೆ ಮಿಂಟಿಗೂ ಹಾಕ್ಕೊಡ್ತೀನಿ ಅಂಕಲ್."

"ಬೇಡ. ಇದು ಕನ್ನಡದಲ್ಲಿ ಕೇಳ್ತದಲ್ಲ, ಇದೇ ಇರ್ಲಿ."

ಪಾಸ್‌ವರ್ಡ್ ಒತ್ತುವಾಗ ಶ್ರೀನಾಥನೂ ರತ್ನಾವತಿಯೂ ಮುಖ ತಿರುಗಿಸಬೇಕಾಯಿತು. ಶ್ರೀನಾಥ್ ಮೊದಲೇ ಪೆನ್‌ಡ್ರೈವಿಗೆ ತೆಗೆದಿಟ್ಟಿದ್ದ ಫೈಲು ಬೀಗ ಹಾಕಿದ ಡಿಸ್ಕಿಗೆ ಮರಳಿದ ಮೇಲೆ, ಪೆನ್‌ಡ್ರೈವಿನಲ್ಲಿ ಉಳಿದಿದ್ದ ಪ್ರತಿಯನ್ನು ಎದುರಿಗೇ ಅಳಿಸಿ ಹಾಕಿಸಿದರು. ಪಾಸ್‌ವರ್ಡನ್ನು ಎಲ್ಲಾದರೂ ಬರೆದಿಡಿ ಎಂದು ಶ್ರೀನಾಥ್ ಹೇಳಿದಾಗ, "ನಲ್ವತ್ತು ವರ್ಷ ಎಲ್ಲ ಇಲ್ಲೇ ಇದ್ದದ್ದು," ಎಂದು ಹಣೆ ತಟ್ಟಿಕೊಂಡರು.

ಹಿಂದಿನ ವಾರವಷ್ಟೇ ಅವರು ತಾಂಬರಂನಲ್ಲಿ ಇಳಿದು, ಮಗಳ ಮೆಸ್ಸಿನ ದಾರಿ ತಿಳಿಯದೆ ಎರಡು ಗಂಟೆ ಪ್ಲಾಟ್‌ಫಾರ್ಮಿನಲ್ಲಿ ಕುಳಿತಿದ್ದರು. ರತ್ನಾವತಿ ಅದನ್ನು ಆಗಲೇ ಹೇಳಿಬಿಡಬಹುದಿತ್ತು. ಹೊರಗಿನವರ ಎದುರು ಗಂಡನ ಮಾನ ಕಳೆಯುವುದು ಹೇಗೆಂದು ಬಾಯಿ ಮುಚ್ಚಿಕೊಂಡರು.

ಮೊದಲ ತಿಂಗಳು ಏನೂ ಆಗಲಿಲ್ಲ. ಐತಪ್ಪನವರು ಪರದೆ ನೋಡುವುದು, ತಕ್ಕಡಿಗೆ ಹೋಗುವುದು, ಮರೆತು ಮತ್ತೆ ಪರದೆಗೆ ಬರುವುದು, ಹೀಗೆ ಪುಡಿಯಾಯಿತು. ಆಮೇಲೆ ಒಂದು ಬೆಳಿಗ್ಗೆ ಪಾಸ್‌ವರ್ಡ್ ಆರನೆಯ ಸಲಕ್ಕೆ ಸರಿಹೋಯಿತು. ಆರಿಸಿ ಮತ್ತೆ ಹಚ್ಚಿದಾಗಲಷ್ಟೇ ಅದು ಪಾಸ್‌ವರ್ಡ್ ಕೇಳುತ್ತಿದ್ದರಿಂದ, ಅಂದಿನಿಂದ ಅವರು ಕಂಪ್ಯೂಟರ್ ಆರಿಸುವುದನ್ನೇ ಬಿಟ್ಟರು.

"ಇದನ್ನು ಆಫ್ ಮಾಡ್ಬೇಡ. ಕಂಡಿಪ್ಪಾ, ಯಾವ ಕಾರಣಕ್ಕೂ ಮಾಡ್ಬೇಡ, ಆಯ್ತಾ?"

ಅದರ ಫ್ಯಾನಿನ ಗುಂಯ್ ಸದ್ದು ಮನೆಯಲ್ಲಿ ನಿಲ್ಲಲೇ ಇಲ್ಲ. ಸದ್ದು ಸ್ವಲ್ಪ ತಗ್ಗಿದರೂ ರತ್ನಾವತಿ ಅಡುಗೆಮನೆಯಿಂದ ಓಡಿ ಬಂದು ನೋಡುತ್ತಿದ್ದರು.

"ಒಂದು ಕಾಗದದಲ್ಲಿ ಬರ್ದು ನಮಿತಾಳಿಗೆ ಕೊಡ್ಬಹುದಲ್ವಾ," ಎಂದು ಒಮ್ಮೆ ಧೈರ್ಯ ಮಾಡಿ ಹೇಳಿದರು.

"ನಾನೆಂತ ಸಾಯ್ಲಿಕ್ಕೆ ಹೊರಟಿದ್ದೇನಾ?"

ಶ್ರೀನಾಥನಿಗಾದರೂ ಹೇಳಬೇಕೆಂದು ರತ್ನಾವತಿ ನಾಳೆ, ನಾಡಿದ್ದು ಎಂದು ದಿನ ತಳ್ಳಿದರು. ಒಂದು ಮಂಗಳವಾರ ಬೀದಿಯಲ್ಲಿ ತಂತಿ ರಿಪೇರಿಗೆಂದು ಕರೆಂಟು ತೆಗೆದರು. ಗುಂಯ್ ಸದ್ದು ನಿಂತಿತು. ಒಲೆಯ ಮುಂದಿದ್ದ ರತ್ನಾವತಿ ಸೌಟು ಹಿಡಿದು ಹಾಗೇ ನಿಂತುಬಿಟ್ಟರು.

ಮಧ್ಯಾಹ್ನ ಕರೆಂಟು ಬಂದ ಹೊತ್ತಿಗೆ ನಮಿತಾಳೂ ಬಂದಳು. ಮೆಸ್ಸಿನ ಡಬ್ಬ ಬರಿದಾಗಿತ್ತು, ಅಪ್ಪ ಈ ತಿಂಗಳು ಬಂದಿರಲಿಲ್ಲ. ಐತಪ್ಪನವರು ಕಂಪ್ಯೂಟರಿನ ಮುಂದೆ ಕುಳಿತು ಪಾಸ್‌ವರ್ಡ್ ಒತ್ತಿದರು. ತಪ್ಪೆಂದಿತು. ಬೇರೊಂದು ಒತ್ತಿದರು. ಅದೂ ತಪ್ಪು. ಮತ್ತೆ ಮತ್ತೆ, ಇನ್ನಷ್ಟು ಜೋರಾಗಿ ಒತ್ತುತ್ತ ಹೋದರು.

"ಅಪ್ಪಾ, ನಿಧಾನ," ಎಂದಳು ನಮಿತಾ.

ಅವರು ಕುರ್ಚಿ ತಿರುಗಿಸಿ ಇಬ್ಬರನ್ನೂ ದಿಟ್ಟಿಸಿದರು.

"ಇದಕ್ಕೆ ಬೀಗ ಹಾಕಿದ್ದು ಯಾರು?"

ನಮಿತಾಳಿಗೆ ಮೊದಲು ತಮಾಷೆ ಅನ್ನಿಸಿತು. ಆಮೇಲೆ ಅವಳು ತಾಯಿಯ ಮುಖ ನೋಡಿದಳು.

"ನಾನೇ," ಎಂದರು ರತ್ನಾವತಿ.

ಐತಪ್ಪನವರ ಮುಖ ಸಡಿಲವಾಯಿತು. ಎದ್ದು ಕುರ್ಚಿ ಬಿಟ್ಟುಕೊಟ್ಟರು.

"ಹಾಗಾದ್ರೆ ಬೇಗ ತೆಗಿ. ಮಗಳು ಕಾಯ್ತಾ ಇದ್ದಾಳಲ್ಲ," ಎಂದರು.