ಕಟ್ ಅಂದಾಗ ಕಟ್ಟಿದ್ದು

ಪಕ್ಕದ ಮನೆಯ ಹುಡುಗಿ ಮೆಟ್ಟಿಲ ಮೇಲೆ ಕೂತು ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಕಳಿತ ಬಾಳೆಹಣ್ಣಿನಂಥ ವಾಸನೆ. ಫಿಲಂ ತುಂಡುಗಳನ್ನು ಅಂಟಿಸುವ ದ್ರವಕ್ಕೂ ಇದೇ ವಾಸನೆಯಿತ್ತು. ರಾಯಚೂರಿನ ಟೂರಿಂಗ್ ಟಾಕೀಸಿನ ಆಪರೇಟರನ ಬೆರಳುಗಳಿಗೆ ಅದು ಸದಾ ಮೆತ್ತಿಕೊಂಡಿರುತ್ತಿತ್ತು. ಮುಖ ನೆನಪಾಗುವುದಿಲ್ಲ... ನೆನಪಾದರೂ ಅದು ನಾನು ಆಮೇಲೆ ಮಾಡಿಕೊಂಡ ಮುಖವಿರಬಹುದು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಬೊಂಬಾಯಿಯ ಸ್ಟುಡಿಯೋ ಒಂದರಲ್ಲಿ ಎರಡು ವರ್ಷ ದೀಪ ಹೊತ್ತು, ಕೈಯಿಂದ ತಿರುಗಿಸುವ ಹಳೆಯ ಕ್ಯಾಮೆರಾ ಮತ್ತು ಒಂದೇ ಒಂದು ಡಬ್ಬಿ ಫಿಲಂ ಹಿಡಿದು ಊರಿಗೆ ಮರಳಿದ್ದೆ. ಯಾರ ಹಂಗೂ ಇಲ್ಲದೆ ನನ್ನದೇ ಚಿತ್ರ ಮಾಡಬೇಕೆಂಬ ಹಟ. ಡಬ್ಬಿ ಮುಗಿದರೆ ಹಟವೂ ಮುಗಿದಂತೆ, ಇನ್ನೊಂದು ಸಿಗುವಂತಿರಲಿಲ್ಲ. ಹ್ಯಾಂಡಲನ್ನು ಒಂದೇ ವೇಗದಲ್ಲಿ ತಿರುಗಿಸಬಲ್ಲ ಕೈ ನನಗೆ ಗೊತ್ತಿದ್ದದ್ದು ಆಪರೇಟರನದೊಂದೇ. ಕರೆದೆ.

"ಹಗಲೆಲ್ಲಾ ಖಾಲೀನೇ ಇರ್ತೀನಿ ಮಿಯಾ, ನಡಿ," ಎಂದ.

ದೇವದುರ್ಗದ ಕಡೆಯ ಮಸರಕಲ್‌ನಲ್ಲಿ ಚಿತ್ರೀಕರಣ. ಕಥೆ ಸಣ್ಣದು: ಮದುವೆಯಾದ ಮಗಳು ಬಂಡಿಯಲ್ಲಿ ಹೋಗುತ್ತಾಳೆ, ತಾಯಿ ನೋಡುತ್ತ ನಿಲ್ಲುತ್ತಾಳೆ, ಬರಿದಾದ ಮನೆಗೆ ಮರಳುತ್ತಾಳೆ. ತಾಯಿಯಾಗಿ ನಿಂತವಳು ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸು. ಬಂಡಿ ಹೊಡೆದವನು ಅದೇ ಊರಿನ ರೈತ. ಬಂಡಿ ತಿರುವಿನತ್ತ ಸಾಗಿತು. ಆಕೆ ಕಣ್ಣಿಗೆ ಸೆರಗು ಒತ್ತಿದಳು. ನಾನು ಬೊಂಬಾಯಿಯ ಗತ್ತಿನಲ್ಲಿ "ಕಟ್!" ಎಂದು ಕೂಗಿದೆ.

ರೈತ ಬಂಡಿ ನಿಲ್ಲಿಸಿ, ಇಳಿದು, ನೊಗದಿಂದ ಎತ್ತು ಬಿಚ್ಚಿ, ಜಾಲಿಮರಕ್ಕೆ ಕಟ್ಟತೊಡಗಿದ.

"ಏನ್ ಮಾಡಾಕತ್ತೀಯೋ?" ಎಂದು ಅರಚಿದೆ.

"ನೀವ ಕಟ್ಟು ಅಂದ್ರಲ್ರೀ, ಕಟ್ಟಾಕತ್ತೀನಿ!"

ಅಳುತ್ತಿದ್ದ ತಾಯಿ ಸೆರಗು ಬಿಟ್ಟು ನಕ್ಕಳು. "ಲೇ ಮೂಳಾ, ಮಗಳು ಗಂಡನ ಮನಿಗಿ ಹೊಂಟಾಳ, ನಡುದಾರ್ಯಾಗ ಎತ್ತು ಕಟ್ತೀಯಲ್ಲೋ! ಆ ಜಾಲಿಗಿಡದ ಸಂಗಾಟ ಸಂಸಾರ ಮಾಡ್ಬೇಕೇನು ಆಕಿ?" ಬಂಡಿಯೊಳಗಿನ ಮದುಮಗಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

ತಿರುಗಿ ನೋಡಿದರೆ ಆಪರೇಟರನ ಕೈ ನಿಂತಿರಲಿಲ್ಲ.

"ನಿಲ್ಸು, ಫಿಲಂ ಮುಗೀತದ!"

"ಚುಪ್ ಮಿಯಾ. ಈಗ ಚಲೋ ಬರಾಕತ್ತದ."

ಡಬ್ಬಿ ಖಾಲಿಯಾಗುವವರೆಗೂ ತಿರುಗಿಸಿದ. ತಾಯಿ ಮನೆಗೆ ಮರಳುವ ದೃಶ್ಯಕ್ಕೆ ಒಂದಡಿಯೂ ಉಳಿಯಲಿಲ್ಲ.

ಬೊಂಬಾಯಿಯಲ್ಲಿ ತೊಳೆಸಿ ತರಿಸಿದ ಮೇಲೆ, ಆ ನಗುವಿನ ತುಂಡನ್ನು ಕತ್ತರಿಸಿ ಬಿಡು ಎಂದು ಆಪರೇಟರನಿಗೆ ಹೇಳಿದೆ. ನೆಪವೂ ಸಿಕ್ಕಿತ್ತು: ಇಳಿಬಿಸಿಲಿಗೆ, ಹ್ಯಾಂಡಲ್ ತಿರುಗಿಸುವ ಆತನ ನೆರಳು ಆ ತುಂಡಿನ ಮೂಲೆಗೆ ಬಿದ್ದಿತ್ತು. ಆತ ಕತ್ತರಿ ಕೈಗೆತ್ತಿಕೊಂಡ.

ಟಾಕೀಸಿನ ಟೆಂಟು ಮಾನ್ವಿಗೆ ಹೋದಾಗ, ದೊಡ್ಡ ಚಿತ್ರಕ್ಕೆ ಮುಂಚೆ ನಮ್ಮದನ್ನು ತೋರಿಸಲು ಮಾಲೀಕ ಒಪ್ಪಿದ. ಬಂಡಿ ಹೋಯಿತು, ಸೆರಗು ಕಣ್ಣಿಗೆ ಬಂತು... ಆಮೇಲೆ ಪರದೆಯ ಮೇಲೆ ಎತ್ತು ಕಟ್ಟುವ ರೈತ! ಆಪರೇಟರ್ ಆ ತುಂಡನ್ನು ಮತ್ತೆ ಅಂಟಿಸಿದ್ದ. ಟೆಂಟಿಗೆ ಟೆಂಟೇ ನಕ್ಕಿತು. ಅಷ್ಟು ಜನರ ಸಂತೋಷ ನನಗೆ ಅವಮಾನವಾಗಿ ಕಂಡಿತು. ಯಂತ್ರದ ಬಳಿ ಹೋಗಿ ಎಲ್ಲರೆದುರು ಕೇಳಿದೆ, "ಇದು ಯಾರ ಚಿತ್ರ?"

"ಕಡಿಯೋದು ನಿಂದು, ಕಟ್ಟೋದು ನಂದು ಅಂತ ತಿಳಕೊಂಡಿದ್ದೆ."

ಇಷ್ಟು ಅಚ್ಚುಕಟ್ಟಾಗಿ ಆತನೇ ಹೇಳಿದನೋ, ವರ್ಷಗಟ್ಟಲೆ ನಾನೇ ತಿದ್ದಿದೆನೋ... ಖಾತ್ರಿಯಿಲ್ಲ. ಮರುದಿನ ನನ್ನ ಕೈಯಾರೆ ಆ ತುಂಡನ್ನು ಕತ್ತರಿಸಿ ಒಲೆಗೆ ಹಾಕಿದ್ದು ಮಾತ್ರ ಖಾತ್ರಿ. ಭಗ್ಗೆಂದು ಉರಿದಿತ್ತು. ಮತ್ತೆ ನಾವು ಮಾತಾಡಲಿಲ್ಲ. ನಲವತ್ತೆಂಟರಲ್ಲಿ ನಿಜಾಮರ ರಾಜ್ಯ ಬಿದ್ದಾಗಿನ ಗದ್ದಲದ ನಂತರ ಟೆಂಟೂ ಇರಲಿಲ್ಲ, ಆತನೂ ಇರಲಿಲ್ಲ. ಹೈದರಾಬಾದಿಗೆ ಹೋದನೆಂದು ಕೆಲವರು. ಅಷ್ಟು ದೂರ ಹೋಗಲೇ ಇಲ್ಲವೆಂದು ಕೆಲವರು...

ಆಮೇಲೂ ಚಿತ್ರ ಮಾಡಿದೆ, ಸಣ್ಣಪುಟ್ಟವು, ಕೈಗೆ ಸಿಕ್ಕವರನ್ನು ಕಟ್ಟಿಕೊಂಡು. ಬರೆದದ್ದು ಕೆಟ್ಟರೆ ಕೆಟ್ಟದ್ದನ್ನೇ ತೆಗೆಯುತ್ತಿದ್ದೆ. "ಕಟ್" ಅನ್ನುವುದನ್ನು ಬಿಟ್ಟೆ; "ಸಾಕ್ರಿ" ಎನ್ನುತ್ತಿದ್ದೆ, ಅದೂ ತಡವಾಗಿ. ಕ್ಯಾಮೆರಾದವರು ಮುದುಕನಿಗೆ ಮರೆವು ಎಂದು ಗೊಣಗುತ್ತಿದ್ದರು.

ಹುಡುಗಿ ಉಗುರಿಗೆ ಊದಿಕೊಳ್ಳುತ್ತ ಒಳಗೆ ಹೋದಳು. ನಾನು ಟ್ರಂಕಿನಿಂದ ತುಕ್ಕು ಹಿಡಿದ ಡಬ್ಬಿ ತೆಗೆದೆ. ಬೆಳಕಿಗೆ ಹಿಡಿದರೆ ಬಂಡಿ ಕಾಣುತ್ತದೆ, ತಾಯಿ ಕಾಣುತ್ತಾಳೆ. ಸೆರಗು ಕಣ್ಣಿಗೆ ಹೋಗುವಲ್ಲಿಗೆ ಫಿಲಂ ಮುಗಿಯುತ್ತದೆ. ಆಪರೇಟರನ ಒಂದು ಫೋಟೋವೂ ಎಲ್ಲೂ ಇಲ್ಲ. ಇದ್ದದ್ದು, ಆ ಸುಟ್ಟ ತುಂಡಿನಲ್ಲಿ, ಒಂದು ನೆರಳು.