ಹದಿನೆಂಟನೇ ಹುಣಸೆ ಮರ

"ಡಿಗ್ರಿಯಂತೆ ಡಿಗ್ರಿ! ನಮ್ಮ ವಂಶದಾಗೆ ಯಾವ ಕಾಲಕ್ಕೂ ಆಗೋದಲ್ಲ ಬಿಡವ್ವ" ಎಂದವರು ನನ್ನ ಸೋದರಮಾವ. ನಾನು ಪಿಯುಸಿ ಮುಗಿಸಿದ ದಿನ, ಎಲ್ಲರೆದುರಿಗೆ. ಆ ಮಾತನ್ನು ಮರೆಯದೆಯೇ ಓದಿದೆ. ಅರಣ್ಯ ವಿಜ್ಞಾನದ ಬಿ.ಎಸ್ಸಿ. ಸೇರಿದೆ. ನಮ್ಮ ಮನೆತನದಲ್ಲಿ ನಾನೇ ಮೊದಲನೆಯವಳು. ಇಷ್ಟನ್ನು ಹೆಮ್ಮೆಯಿಂದ ಹೇಳುತ್ತೇನೆ, ಮುಂದಿನದನ್ನು ಹಾಗೆ ಹೇಳಲಾರೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಸಿಕ್ಕಿದ್ದು ತೂಬಗೆರೆ ಕಡೆಯ ನಮ್ಮೂರಿನ ಹಳೆಯ ಹುಣಸೆ ತೋಪು. ಒಂದೊಂದು ಮರದ ಚಿಗುರೆಲೆಯಿಂದ ಡಿಎನ್‌ಎ ತೆಗೆದು, ಯಾವುದು ಯಾವುದಕ್ಕೆ ನೆಂಟ, ಯಾವುದು ಬೇರೆಯದೇ ತಳಿ ಎಂದು ನೋಡಬೇಕು. ಬೇರೆಯಾಗಿರುವ ಮರಗಳನ್ನು ಕಸಿ ಕಟ್ಟಿ ಉಳಿಸಿಕೊಳ್ಳಬೇಕು. ಮುದಿ ಮರಗಳು ಒಂದೊಂದಾಗಿ ಬೀಳುತ್ತಿದ್ದವು.

ಮರ ಹತ್ತಿದವರು ಅದೇ ಮಾವ. ಚಿಕ್ಕ ವಯಸ್ಸಿನಿಂದಲೂ ಆ ತೋಪಿನಲ್ಲೇ ಹುಣಸೆ ಬಡಿದವರು. "ಇದು ಬರೀ ಹುಳಿ. ಅದ್ರದ್ದು ಚೂರು ಸಿಹಿ, ಕಾಯಿ ಡೊಂಕು" ಎಂದು ಮನೆಯ ಮಕ್ಕಳ ಗುಣ ಹೇಳುವ ಹಾಗೆ ಹೇಳುತ್ತಿದ್ದರು. ಅವರು ಕೊಯ್ದು ಕೊಡುವುದು, ನಾನು ಕವರಿಗೆ ಹಾಕಿ ನಂಬರು ಬರೆಯುವುದು.

ಹದಿನೆಂಟನೇ ಮರದಲ್ಲಿ ಹೆಜ್ಜೇನು ಕಟ್ಟಿತ್ತು. "ಇವತ್ತು ಬ್ಯಾಡ ಕಣವ್ವ. ನಾಳೆ ಹೊತ್ತಾರೆ ಹೊಗೆ ಹಾಕಿ ಕೊಯ್ದು ಕೊಡ್ತೀನಿ" ಎಂದರು. ನನಗೆ ದೊಡ್ಡಬಳ್ಳಾಪುರದ ಬಸ್ಸಿನ ಆತುರ. ಅವರು ಕೈಕಾಲು ತೊಳೆಯಲು ಹೋದಾಗ ಹದಿನೇಳರ ಎಲೆಯನ್ನೇ ಎರಡು ಕವರಿಗೆ ಹಾಕಿ, ಒಂದರ ಮೇಲೆ ಹದಿನೆಂಟು ಎಂದು ಬರೆದೆ. ಹುಣಸೆ ಹುಣಸೆಯೇ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಗೊತ್ತು ಮಾಡುವುದನ್ನೇ ನಾನು ಕಲಿಯುತ್ತಿದ್ದೆ. ಮಾರನೆಯ ದಿನ ತೋಪಿನ ಕಡೆ ಹೋಗಲೇ ಇಲ್ಲ.

ಫಲಿತಾಂಶ ಬಂತು. ಹದಿನೇಳು, ಹದಿನೆಂಟನೇ ಮರಗಳ ನಡುವೆ ಒಂದಿಷ್ಟೂ ವ್ಯತ್ಯಾಸವಿಲ್ಲ. ಬೀಜದಿಂದ ಎದ್ದ ಮರಗಳಲ್ಲಿ ಹಾಗಾಗುವುದಿಲ್ಲ. "ಎಲೆ ಕೊಯ್ದಿದ್ದು ಯಾರಮ್ಮ?" ಎಂದು ಕಾಲೇಜಿನ ನನ್ನ ಪ್ರಾಜೆಕ್ಟ್ ಗೈಡ್ ಕೇಳಿದರು.

"ಅಲ್ಲಿನ ಕೂಲಿಯವರು ಸರ್. ಓದು ಬರಲ್ಲ, ಬೆರೆಸಿಬಿಟ್ಟಿರ್ಬೇಕು."

ಮಾವ ಎಂಬ ಪದ ನನ್ನ ಬಾಯಿಂದ ಹೊರಡಲಿಲ್ಲ. ನಿಜ ಹೇಳಿದ್ದರೆ ಪ್ರಾಜೆಕ್ಟ್ ಹೋಗುತ್ತಿತ್ತು, ಅದರ ಹಿಂದೆ ಡಿಗ್ರಿಯೂ.

ಮತ್ತೆ ಎಲೆ ಕೊಯ್ಯಿಸಲು ಗೈಡ್ ತಾವೇ ತೋಪಿಗೆ ಬಂದರು. "ಏನಪ್ಪಾ, ಎಲೆ ಬೆರೆಸಿ ಈ ಹುಡುಗಿ ಓದು ಹಾಳು ಮಾಡಿಬಿಡ್ತಿದ್ದೆಯಲ್ಲ!"

ಮಾವ ನನ್ನ ಮುಖ ನೋಡಿದರು. ನಾನು ಖಾಲಿ ಕವರುಗಳನ್ನು ಎಣಿಸತೊಡಗಿದೆ.

"ತಪ್ಪಾಯ್ತು ಸ್ವಾಮಿ. ಕಣ್ಣು ಮಂಜಾಗವೆ" ಎಂದರು. ಇವಳು ನನ್ನ ಅಕ್ಕನ ಮಗಳು ಎಂದು ಅವರೂ ಹೇಳಲಿಲ್ಲ.

ಜೇನು ಎದ್ದು ಹೋಗಿತ್ತು. ಹದಿನೆಂಟನ್ನು ಹತ್ತಿ ಕೊಯ್ದು ಕೊಟ್ಟರು. ಇಡೀ ತೋಪಿನಲ್ಲಿ ಯಾವುದನ್ನೂ ಹೋಲದ ಮರ ಅದೇ ಎಂದು ಆಮೇಲೆ ತಿಳಿಯಿತು. ಕಸಿಗೆ ಮೊದಲು ಆರಿಸಿದ್ದೂ ಅದನ್ನೇ. ವರದಿಯ ಕೃತಜ್ಞತೆಯಲ್ಲಿ "ಸ್ಥಳೀಯ ಕೂಲಿಗಾರರಿಗೆ" ಎಂದು ಬರೆದೆ. ಅಷ್ಟೇ.

ಸರ್ಟಿಫಿಕೇಟ್ ಕೈಗೆ ಬಂದ ದಿನ ನೇರವಾಗಿ ಮಾವನ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಮಾವ, ಅವತ್ತು ಎಲೆ ಬೆರೆಸಿದ್ದು ನಾನೇ."

"ಗೊತ್ತು ಕಣವ್ವ. ನಾನು ಆ ಮರ ಹತ್ತೇ ಇರ್ಲಿಲ್ವಲ್ಲ."

ಸರ್ಟಿಫಿಕೇಟ್ ಕೊಟ್ಟೆ. ಪಂಚೆಗೆ ಕೈ ಒರೆಸಿಕೊಂಡು ಹಿಡಿದರು, ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿದರು.

"ಆಗಲ್ಲ ಅಂದಿದ್ದೆ, ಸೋತೆ ಬಿಡು" ಎಂದರು. ಆಮೇಲೆ ತಲೆಯೆತ್ತಿ ಕೇಳಿದರು: "ಹೆಸ್ರು ಸರ್ಯಾಗಿ ನೋಡ್ಕಂಡ್ಯಾ? ಕಾಲೇಜ್ನೋರೂ ಯಾರ್ದೋ ಯಾರಿಗೋ ಬೆರೆಸಿಲ್ಲ ತಾನೆ?"